ಟಿವಿ ಕೊಳ್ಳುವ ಮುನ್ನ ಕಿಟಕಿ ಎಲ್ಲಿದೆ ನೋಡಿ

ಪ್ರಶ್ನೆ: ಹೊಸ ಮನೆಯ ಹಾಲ್‌ಗೆ 55 ಇಂಚಿನ ಟಿವಿ ತರಬೇಕೆಂದಿದ್ದೇವೆ. ಸೋಫಾದಿಂದ ಟಿವಿ ಗೋಡೆಗೆ ಏಳೂವರೆ ಅಡಿ. ಸೋಫಾದ ಹಿಂದೆಯೇ ಪಡುವಣ ದಿಕ್ಕಿನ ದೊಡ್ಡ ಕಿಟಕಿ. ಅಪ್ಪ ಬೆಳಿಗ್ಗೆ ಹಾಕಿದ ನ್ಯೂಸ್ ಚಾನೆಲ್ ರಾತ್ರಿ ಊಟದ ತನಕ ಓಡುತ್ತಲೇ ಇರುತ್ತದೆ. ಆಮೇಲೆ ನಮ್ಮ ಸಿನಿಮಾ. ಅಂಗಡಿಯವರು ಎಲ್‌ಇಡಿ, ಕ್ಯೂಎಲ್‌ಇಡಿ, ಮಿನಿ ಎಲ್‌ಇಡಿ, ಓಎಲ್‌ಇಡಿ ಎಂದು ಹೇಳಿ ತಲೆ ಕೆಡಿಸಿದ್ದಾರೆ. ಯಾವುದನ್ನು ತರೋಣ?
– ಓದುಗರು, ದಾವಣಗೆರೆ

ಉತ್ತರ: ಹೆಸರು ನಾಲ್ಕಾದರೂ ಜಾತಿ ಎರಡೇ. ಮೊದಲ ಮೂರೂ ಒಂದೇ ಮನೆಯ ಮಕ್ಕಳು, ಮೂರೂ ಎಲ್‌ಸಿಡಿ. ಎಲ್‌ಸಿಡಿ ಪರದೆ ತಾನಾಗಿ ಬೆಳಗುವುದಿಲ್ಲ. ಹಿಂದೆ ಬ್ಯಾಕ್‌ಲೈಟ್ ಉರಿಯುತ್ತಿರುತ್ತದೆ, ಮುಂದಿನ ಪಿಕ್ಸೆಲ್‌ಗಳು ಪುಟ್ಟ ಕಿಟಕಿ ಬಾಗಿಲುಗಳ ಹಾಗೆ ತೆರೆದು ಮುಚ್ಚಿ ಬೆಳಕು ಬಿಡುತ್ತವೆ. ಎಷ್ಟು ಬಿಗಿಯಾಗಿ ಮುಚ್ಚಿದರೂ ಸಂದಿಯಲ್ಲಿ ಒಂದಿಷ್ಟು ನುಸುಳುತ್ತದೆ. ದೀಪ ಆರಿಸಿ ಸಿನಿಮಾ ನೋಡುವಾಗ ಕಪ್ಪು ಬೂದಿಯಂತೆ ಕಾಣುವುದು ಇದಕ್ಕೇ. ‘ಎಲ್‌ಇಡಿ ಟಿವಿ’ ಎಂದರೆ ಹಿಂದಿನ ಆ ದೀಪ ಎಲ್‌ಇಡಿ ಎಂದಷ್ಟೇ ಅರ್ಥ.

ಕ್ಯೂಎಲ್‌ಇಡಿಯಲ್ಲಿ ಸಾಮಾನ್ಯವಾಗಿ ನೀಲಿ ಎಲ್‌ಇಡಿಗಳ ಮುಂದೆ ಕ್ವಾಂಟಮ್ ಡಾಟ್‌ಗಳ ಹಾಳೆಯೊಂದು ಇರುತ್ತದೆ. ಕೆಲವೇ ನ್ಯಾನೊಮೀಟರ್ ಗಾತ್ರದ ಈ ಹರಳುಗಳು ನೀಲಿ ಬೆಳಕನ್ನು ಅಚ್ಚ ಕೆಂಪು, ಅಚ್ಚ ಹಸಿರಾಗಿ ಬದಲಿಸುತ್ತವೆ. 2023ರ ರಸಾಯನ ವಿಜ್ಞಾನದ ನೊಬೆಲ್ ಬಂದದ್ದು ಇವುಗಳ ಸಂಶೋಧನೆಗೇ. ಇದರಿಂದ ಬಣ್ಣ ನಿಜಕ್ಕೂ ಚೆನ್ನಾಗುತ್ತದೆ, ಆದರೆ ಕಪ್ಪಿನ ತೊಂದರೆ ಇದ್ದಲ್ಲೇ ಇರುತ್ತದೆ. ಓಎಲ್‌ಇಡಿಯ ಇಂಗ್ಲಿಷ್ ‘ಓ’ ಅಕ್ಷರಕ್ಕೆ ಸಣ್ಣ ಬಾಲ ಎಳೆದರೆ ‘ಕ್ಯೂ’ ಆಗುತ್ತದಲ್ಲ, ಹೆಸರಿಟ್ಟವರಿಗೆ ಅದು ಹೊಳೆದಿರಲಿಲ್ಲ ಎಂದರೆ ನಾನಂತೂ ನಂಬುವುದಿಲ್ಲ.

ಮಿನಿ ಎಲ್‌ಇಡಿ ಆ ಕಪ್ಪಿಗೇ ಕೈ ಹಾಕಿದೆ. ಸಾವಿರಾರು ಸಣ್ಣ ಎಲ್‌ಇಡಿಗಳನ್ನು ನೂರಾರು ವಲಯಗಳಾಗಿ ವಿಂಗಡಿಸಿ, ಚಿತ್ರ ಕಪ್ಪಿರುವ ಕಡೆ ಆ ವಲಯದ ದೀಪವನ್ನೇ ತಗ್ಗಿಸುತ್ತದೆ. ವಲಯ ಕಡಿಮೆ ಇದ್ದರೆ ಕಪ್ಪು ಹಿನ್ನೆಲೆಯ ಬಿಳಿ ಅಕ್ಷರದ ಸುತ್ತ ಮಂಜು ಕವಿದಂತೆ ಬೆಳಕು ಚೆಲ್ಲುತ್ತದೆ. ಅಂಗಡಿಯಲ್ಲಿ ಹೂವು, ಜಲಪಾತದ ವಿಡಿಯೊ ತೋರಿಸಿದರೆ ‘ಸಾಕು’ ಎನ್ನಿ. ಸಬ್‌ಟೈಟಲ್ ಇರುವ, ರಾತ್ರಿಯ ದೃಶ್ಯದ ಸಿನಿಮಾ ಹಾಕಿಸಿ ನೋಡಿ. ಸ್ವಲ್ಪ ಪಕ್ಕಕ್ಕೆ ಸರಿದೂ ನೋಡಿ. ನಮ್ಮ ಮನೆಗಳಲ್ಲಿ ದಿವಾನದ ಮೇಲೆ ಓರೆಯಾಗಿ ಒರಗಿ ಟಿವಿ ನೋಡುವವರು ಒಬ್ಬರಾದರೂ ಇರುತ್ತಾರೆ, ವಿಎ ಎಂಬ ಬಗೆಯ ಎಲ್‌ಸಿಡಿ ಪ್ಯಾನೆಲ್ ಆದರೆ ಅಲ್ಲಿಂದ ಬಣ್ಣ ಪೇಲವವಾಗಿ ಕಾಣುತ್ತದೆ. ಐಪಿಎಸ್ ಎಂಬ ಇನ್ನೊಂದು ಬಗೆಯಲ್ಲಿ ಆ ತೊಂದರೆ ಕಡಿಮೆ, ಆದರೆ ಅದರ ಕಪ್ಪು ಅಷ್ಟು ಗಾಢವಲ್ಲ.

ಓಎಲ್‌ಇಡಿ ಬೇರೆಯೇ ಜಾತಿ. ಒಂದೊಂದು ಪಿಕ್ಸೆಲ್ಲೂ ತಾನೇ ಬೆಳಗುತ್ತದೆ, ತಾನೇ ಆರುತ್ತದೆ. ಕಪ್ಪು ಎಂದರೆ ಪೂರ್ತಿ ಕಪ್ಪು. ಕತ್ತಲ ಕೋಣೆಯಲ್ಲಿ ಸಿನಿಮಾ ನೋಡಲು ಇದಕ್ಕಿಂತ ಚೆನ್ನಾದದ್ದನ್ನು ನಾನು ಕಂಡಿಲ್ಲ. ಹಾಗಿದ್ದೂ ನಿಮ್ಮ ಮನೆಗೆ ಬೇಡ ಎನ್ನುತ್ತೇನೆ. ಬೆಳಗುವ ಆ ಸಾವಯವ ವಸ್ತು ಉಪಯೋಗಿಸಿದಷ್ಟೂ ಸವೆಯುತ್ತದೆ. ಎಲ್ಲ ಕಡೆ ಸಮನಾಗಿ ಸವೆದರೆ ಕಣ್ಣಿಗೆ ತಿಳಿಯದು. ನ್ಯೂಸ್ ಚಾನೆಲ್‌ನಲ್ಲಿ ಕೆಳಗಿನ ಕೆಂಪು ಪಟ್ಟಿ, ಮೂಲೆಯ ಲೋಗೊ ದಿನವಿಡೀ ಒಂದೇ ಜಾಗದಲ್ಲಿ ಕೂತಿರುತ್ತವೆ. ಅಲ್ಲಿನ ಪಿಕ್ಸೆಲ್‌ಗಳು ಬೇಗ ಮುಪ್ಪಾಗಿ, ಕೆಲ ವರ್ಷಗಳಲ್ಲಿ ಸಿನಿಮಾದ ಆಕಾಶದ ಮೇಲೂ ಆ ಪಟ್ಟಿಯ ನೆರಳು ಉಳಿದುಬಿಡಬಹುದು. ಸವೆತ ಸರಿದೂಗಿಸಲು ಈ ಟಿವಿಗಳು ಸ್ಟ್ಯಾಂಡ್‌ಬೈನಲ್ಲಿರುವಾಗ ತಮ್ಮಷ್ಟಕ್ಕೆ ಒಂದು ಪ್ರಕ್ರಿಯೆ ನಡೆಸಿಕೊಳ್ಳುತ್ತವೆ. ಮಲಗುವ ಮುಂಚೆ ಗೋಡೆಯ ಸ್ವಿಚ್ ಆರಿಸುವುದು ನಮ್ಮಲ್ಲಿ ಹಿರಿಯರು ಕಲಿಸಿದ ಶಿಸ್ತು. ಓಎಲ್‌ಇಡಿಗೆ ಅದೇ ಶಿಸ್ತು ಶತ್ರು. ಸಾಲದ್ದಕ್ಕೆ ಸಂಜೆ ಬಿಸಿಲು ನೇರವಾಗಿ ಪರದೆಗೆ ಹೊಡೆಯುವ ನಿಮ್ಮ ಹಾಲ್‌ನಲ್ಲಿ ಬೇಕಿರುವುದು ಜೋರು ಬೆಳಕು, ಅದು ಮಿನಿ ಎಲ್‌ಇಡಿಯ ಬಲ.

ಹಾಗಾಗಿ ಮಿನಿ ಎಲ್‌ಇಡಿ ತನ್ನಿ, ಜೊತೆಗೆ ಆ ಕಿಟಕಿಗೊಂದು ದಪ್ಪ ಪರದೆ. 55 ಇಂಚು ಸರಿಯಾಗಿದೆ: ಏಳೂವರೆ ಅಡಿ ಎಂದರೆ 90 ಇಂಚು, ಟಿವಿಯ ಕರ್ಣದ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು. ಗೋಡೆಯಲ್ಲಿ ನಾಲ್ಕು ಅಡಿಗಿಂತ ತುಸು ಹೆಚ್ಚು ಅಗಲ ಬಿಡುವು ಇದೆಯೇ ಅಳೆದುಕೊಳ್ಳಿ. 8ಕೆ ಎಂದು ಆಸೆ ತೋರಿಸಿದರೆ ಕೇಳಲೇಬೇಡಿ, ಅಪ್ಪ ನೋಡುವ ಚಾನೆಲ್ 4ಕೆಯಲ್ಲೂ ಬರುವುದಿಲ್ಲ.

ಪ್ರಶ್ನೆ: ನಾಲ್ಕು ವರ್ಷದ 43 ಇಂಚಿನ ಎಲ್‌ಇಡಿ ಟಿವಿಯಲ್ಲಿ ಧ್ವನಿ ಬರುತ್ತದೆ, ಚಿತ್ರವಿಲ್ಲ. ಪ್ಯಾನೆಲ್ ಹೋಗಿದೆ, ಹೊಸದೇ ಕೊಳ್ಳಿ ಎನ್ನುತ್ತಾರೆ ಮೆಕ್ಯಾನಿಕ್.
– ಓದುಗರು, ಹುಬ್ಬಳ್ಳಿ

ಉತ್ತರ: ಅವಸರ ಬೇಡ. ರಾತ್ರಿ ದೀಪ ಆರಿಸಿ, ಟಿವಿ ಹಾಕಿ, ಪರದೆಯ ಹತ್ತಿರ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಮಸುಕಾಗಿ ಚಿತ್ರ ಅಲುಗಾಡುವುದು ಕಂಡರೆ ಪ್ಯಾನೆಲ್ ಜೀವಂತವಾಗಿದೆ, ಹೋಗಿರುವುದು ಬ್ಯಾಕ್‌ಲೈಟ್. ಎಲ್‌ಇಡಿಗಳು ಸಾಮಾನ್ಯವಾಗಿ ಸೀರಿಯಲ್ ಸೆಟ್ ದೀಪದಂತೆ ಸಾಲಾಗಿ ಕೂಡಿರುತ್ತವೆ, ಒಂದು ಸುಟ್ಟರೆ ಸಾಲೇ ಆರುತ್ತದೆ. ಪವರ್ ಬೋರ್ಡ್ ತೊಂದರೆಯೂ ಇರಬಹುದು, ಅದನ್ನೂ ಪರೀಕ್ಷಿಸಲು ಹೇಳಿ. ಎಲ್‌ಇಡಿ ಸಾಲಿರುವ ಪಟ್ಟಿ, ಅಂದರೆ ಸ್ಟ್ರಿಪ್ ಹೋಗಿದ್ದರೆ ಒಂದನ್ನು ಮಾತ್ರ ಹಾಕಿಸಬೇಡಿ, ಉಳಿದವಕ್ಕೂ ಅಷ್ಟೇ ವಯಸ್ಸು; ಎಲ್ಲವನ್ನೂ ಬದಲಿಸಿ. ಪ್ಯಾನೆಲ್ ಬಿಚ್ಚುವುದು ನಾಜೂಕಿನ ಕೆಲಸ, ಮುಂಚೆ ಮಾಡಿದ ಅನುಭವ ಇರುವವರ ಕೈಗೇ ಕೊಡಿ. ರಿಪೇರಿಯಾದ ಮೇಲೆ ಬ್ಯಾಕ್‌ಲೈಟ್ ಸೆಟ್ಟಿಂಗ್ ನೂರರಿಂದ ಅರವತ್ತಕ್ಕೆ ಇಳಿಸಿ. ಬಣ್ಣ, ಬೆಳಕು ಜೋರಾಗಿಸುವ ‘ವಿವಿಡ್’ ಮೋಡ್ ಅಂಗಡಿಯ ಟ್ಯೂಬ್‌ಲೈಟುಗಳ ಜೊತೆ ಪೈಪೋಟಿಗೆ ಇಟ್ಟದ್ದು, ಮನೆಗಲ್ಲ.

ಪ್ರಶ್ನೆ: ಹೊಸ ಟಿವಿಗೆ ಸ್ಟೆಬಿಲೈಸರ್ ಬೇಕೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಟಿವಿಯ ಹಿಂದೆ 100–240 ವೋಲ್ಟ್ ಎಂದು ಬರೆದಿದ್ದರೆ ಲೋ ವೋಲ್ಟೇಜಿಗೆ ಅದು ಹೆದರುವುದಿಲ್ಲ. ವೋಲ್ಟೇಜ್ ವಿಪರೀತ ಏರುವ ಲೈನ್ ನಿಮ್ಮದಾದರೆ ಮಾತ್ರ ಹಾಕಿಸಿ. ನಿಮ್ಮ ಕಡೆ ಟಿವಿ ಸುಡುವುದು ಹೆಚ್ಚಾಗಿ ಸಿಡಿಲಿಗೆ. ಗುಡುಗು ಶುರುವಾಗುವ ಮೊದಲೇ ಪ್ಲಗ್ ಕೀಳಿ. ಡಿಶ್ ಕೇಬಲ್, ಇಂಟರ್ನೆಟ್ ವೈರ್ ಕೂಡ ಕೀಳಬೇಕು, ಎಲ್ಲರೂ ಮರೆಯುವುದು ಅದನ್ನೇ.