ಕೇಳಿ, ಹೇಳ್ತೀನಿ: ಜಾಫ್ನಾದಲ್ಲಿ ದಿಲ್ಲಿ ಯಾಕೆ ತಡವರಿಸಿತು?

ಪ್ರಶ್ನೆ: 1987ರಲ್ಲಿ ನಮ್ಮ ಶಾಂತಿಪಾಲನಾ ಪಡೆ ಶ್ರೀಲಂಕಾದಲ್ಲಿ ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇಯನ್ನು ಮುಗಿಸಿಬಿಡುತ್ತಿತ್ತು, ದಿಲ್ಲಿಯವರೇ ಕೈ ಕಟ್ಟಿದರು ಅಂತಾರೆ ನಮ್ಮ ಮಾವ. ನಿಜವೇ? (ಓದುಗರು, ಪಿಂಪ್ರಿ)

ಉತ್ತರ: ಮಾವನವರು ಹೇಳೋದು ಅರ್ಧ ನಿಜ. ಆಗ ನಾನು ಇಲ್ಲೇ ಪುಣೆಯ ಸದರ್ನ್ ಕಮಾಂಡ್‌ನಲ್ಲಿ ಕ್ಲರ್ಕ್ ಹವಾಲ್ದಾರ್ ಆಗಿದ್ದೆ. ಆ ಪಡೆಯ ಹೊಣೆ ನಮ್ಮ ಕಮಾಂಡ್ ಮುಖ್ಯಸ್ಥ ಲೆಫ್ಟಿನೆಂಟ್ ಜನರಲ್ ದೀಪಿಂದರ್ ಸಿಂಗ್ ಅವರದೇ.

ಶ್ರೀಲಂಕಾದ ಉತ್ತರದಲ್ಲಿ, ಜನವಸತಿ ಇರುವ ಜಾಫ್ನಾದಲ್ಲಿ ಭಾರಿ ಫಿರಂಗಿ, ಬಾಂಬುಗಳಿಗೆ ಕಡಿವಾಣ ಇತ್ತು. ಅದನ್ನು ನಾನು ತಪ್ಪೆನ್ನಲಾರೆ. ಅಷ್ಟಿದ್ದರೂ ಅಕ್ಟೋಬರ್ 21ರಂದು ಜಾಫ್ನಾ ಆಸ್ಪತ್ರೆಯಲ್ಲಿ ನಮ್ಮವರ ಗುಂಡಿಗೆ ರೋಗಿಗಳು, ಡಾಕ್ಟರು, ನರ್ಸುಗಳು ಸತ್ತರು. ಇದನ್ನು ಮಾವನವರಿಗೂ ಹೇಳಿ.

ನಿಜವಾದ ತೊಂದರೆ ಬೇರೆ. ಕೆಲವೇ ವರ್ಷ ಹಿಂದೆ ಈ ಹುಡುಗರಿಗೆ ತರಬೇತಿ ಕೊಟ್ಟಿದ್ದು ನಾವೇ. ಅವರನ್ನು ಮುಗಿಸಬೇಕೋ, ಬಗ್ಗಿಸಿ ಮಾತುಕತೆಗೆ ಕೂರಿಸಬೇಕೋ, ದಿಲ್ಲಿಗೆ ಕೊನೇವರೆಗೂ ಗೊತ್ತಾಗಲಿಲ್ಲ. ಅತ್ತ ಜವಾನರು ಸಾಯುತ್ತಿದ್ದರು, ಇತ್ತ ಎಲ್‌ಟಿಟಿಇ ಮುಖಂಡ ಕಿಟ್ಟು ಮದ್ರಾಸಿನಲ್ಲೇ ಇದ್ದ. ನವೆಂಬರ್‌ನಲ್ಲಿ ನಾವಾಗಿಯೇ 48 ಗಂಟೆ ಗುಂಡು ನಿಲ್ಲಿಸಿದೆವು. ಅವರು ಸೆರೆಯಲ್ಲಿದ್ದ 18 ಜವಾನರನ್ನು ಬಿಟ್ಟರು, ಆಯುಧ ಮಾತ್ರ ಕೆಳಗಿಡಲಿಲ್ಲ. ಮುಂಬೈಯಲ್ಲಿ ಹುಟ್ಟಿದ ಮೇಜರ್ ಪರಮೇಶ್ವರನ್ ಅದೇ ತಿಂಗಳ 25ಕ್ಕೆ ಹೊಂಚುದಾಳಿಯಲ್ಲಿ ತೀರಿಕೊಂಡರು. ಆಮೇಲೆ ಪರಮವೀರ ಚಕ್ರ ಬಂತು.

ನೆಲಬಾಂಬಿಗೆ ಕಾಲು ಕಳೆದುಕೊಂಡವರು ಪುಣೆಯ ವಾನವಡಿಯ ಕೃತಕ ಕಾಲು ಕೇಂದ್ರಕ್ಕೆ ಬರುತ್ತಿದ್ದರು. ಕನ್ನಡದವರಿದ್ದರೆ ಭಾನುವಾರ ನಾನು ಹೋಗುತ್ತಿದ್ದೆ. ಮುಧೋಳ ಕಡೆಯ ಹುಡುಗನೊಬ್ಬ ಹೊಸ ಕಾಲಿನ ಪಟ್ಟಿ ಬಿಗಿಯುತ್ತಾ ಹೇಳಿದ್ದು: "ಒಂದ್ ವಾರ ಹೊಡೀರಿ ಅಂತಾರ್ರೀ ಕಾಕಾ, ಮುಂದಿನ ವಾರ ತಡೀರಿ ಅಂತಾರ. ನಾವು ತಡದಾಗೆಲ್ಲ ಅವ್ರು ರಸ್ತೆದಾಗ ಮೈನ್ ಹುಗೀತಿದ್ರು." ಪಟ್ಟಿ ಸಡಿಲ ಅಂತ ಮತ್ತೆ ಬಿಚ್ಚಿದ. ಅವನಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ನಮ್ಮ ಸಾಹೇಬರ ಹತ್ತಿರವೂ ಇರಲಿಲ್ಲ ಬಿಡಿ.

ಹಾಗಂತ ಕೈ ಬಿಚ್ಚಿದ್ದರೆ ಗೆದ್ದೇಬಿಡುತ್ತಿದ್ದೆವು ಅನ್ನೋದನ್ನೂ ನಾನು ಒಪ್ಪಲ್ಲ. 1989ರಲ್ಲಿ ಶ್ರೀಲಂಕಾದ ಅಧ್ಯಕ್ಷರಾದ ಪ್ರೇಮದಾಸ ನಮ್ಮನ್ನು ಹೊರಡಿ ಅಂದಿದ್ದಲ್ಲದೆ, ನಮ್ಮ ವಿರುದ್ಧ ಅದೇ ಎಲ್‌ಟಿಟಿಇಗೆ ಆಯುಧ ಕೊಡಿಸಿದರು. ಕರೆದ ಮನೆಯವರೇ ಹೀಗೆ ಮಾಡಿದ ಮೇಲೆ ಸೇನೆ ಯಾರಿಗಾಗಿ ಗೆಲ್ಲಬೇಕಿತ್ತು?

ಪ್ರಶ್ನೆ: ಪಡೆಯನ್ನು ವಾಪಸ್ ಕರೆಸಿದ್ದು ವಿ.ಪಿ. ಸಿಂಗ್ ಅಲ್ವಾ? (ಅದೇ ಓದುಗರು)

ಉತ್ತರ: ಕೊನೆಯ ತುಕಡಿ 1990ರ ಮಾರ್ಚ್ 24ಕ್ಕೆ ಹೊರಟಾಗ ಪ್ರಧಾನಿ ಅವರೇ. ಆದರೆ ವಾಪಸಾತಿಯ ಒಪ್ಪಂದ ಆಗಿದ್ದು 1989ರ ಸೆಪ್ಟೆಂಬರ್‌ನಲ್ಲಿ, ರಾಜೀವ್ ಗಾಂಧಿ ಇದ್ದಾಗ. ಸುಮ್ನೆ ಎಲ್ಲಾ ಸಿಂಗ್ ತಲೆಗೆ ಕಟ್ಟಬೇಡಿ.