ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂತಿದ್ದಾರೆ, ಕಣದಲ್ಲಿರುವ ಮೆಣಸಿನಕಾಯಿ ಈಗಲೇ ಎತ್ತಬೇಕಾ?

ಇವತ್ತೇ ಎತ್ತಬೇಡಿ. ಆದರೆ ತಾಡಪಾಲು ಕಣದ ಹತ್ತಿರ ತಂದಿಟ್ಟುಕೊಳ್ಳಿ. ನಮ್ಮದೂ ಬ್ಯಾಡಗಿ ತಾಲ್ಲೂಕು. ಡಿಸೆಂಬರ್ ಬಂತೆಂದರೆ ನಾನೂ ದಿನಾ ಇದೇ ಲೆಕ್ಕ ಹಾಕುತ್ತೇನೆ.

"ಇನ್ನೂ ಹೆಸರು ಇಟ್ಟಿಲ್ಲ, ಅಂದ್ರೆ ಭಯ ಇಲ್ಲ ಅಲ್ವಾ" ಅಂತ ಕೇಳಿದ್ದೀರಿ. ಹಾಗೆ ಅಂದುಕೊಂಡೇ ನಾವು ಒಂದು ವರ್ಷ ಪೆಟ್ಟು ತಿಂದೆವು. ಗಾಳಿ ಗಂಟೆಗೆ 62 ಕಿ.ಮೀ. ಮುಟ್ಟಿದ ಮೇಲಷ್ಟೇ ಹವಾಮಾನ ಇಲಾಖೆ ಅದನ್ನು ಚಂಡಮಾರುತ ಅಂತ ಕರೆದು ಹೆಸರಿಡುತ್ತದೆ. 31ರಿಂದ 49 ಇದ್ದರೆ ವಾಯುಭಾರ ಕುಸಿತ, 50ರಿಂದ 61 ಇದ್ದರೆ ತೀವ್ರ ವಾಯುಭಾರ ಕುಸಿತ. ಇದೆಲ್ಲ ಗಾಳಿಯ ಅಳತೆ, ಮಳೆಯದ್ದಲ್ಲ. ಆ ವರ್ಷ ಬಂದದ್ದು ಹೆಸರಿಲ್ಲದ್ದೇ. ಎರಡು ದಿನ ಜಿಟಿಜಿಟಿ ಹಿಡಿಯಿತು. ಕೆಂಪಗಿದ್ದ ಕಾಯಿ ಬಣ್ಣಗೆಟ್ಟಿತು. ನಮ್ಮವ್ವ ಕಣದಲ್ಲಿ ಕೂತು ಒಂದೊಂದೇ ಕಾಯಿ ಆರಿಸಿದ್ದು ಇನ್ನೂ ಕಣ್ಣ ಮುಂದಿದೆ.

ನಮ್ಮ ಕಡೆಯವರು ನೋಡಬೇಕಾದ್ದು ದಡ ಮುಟ್ಟಿದ ಮೇಲೆ ಅದು ಎತ್ತ ತಿರುಗುತ್ತದೆ ಅನ್ನೋದನ್ನ. 2023ರ ಡಿಸೆಂಬರ್ 5ಕ್ಕೆ ಮಿಚಾಂಗ್ ಚಂಡಮಾರುತ ಆಂಧ್ರದ ಬಾಪಟ್ಲ ಹತ್ತಿರ ದಡ ಹತ್ತಿತು, ಆಮೇಲೆ ಬಡಗಣಕ್ಕೆ ಹೋಯಿತು. 2024ರ ನವೆಂಬರ್ 30ಕ್ಕೆ ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ ದಡ ಹತ್ತಿತು. ಗಾಳಿಯ ಜೋರು ಇಳಿಯಿತು, ಆದರೆ ಉಳಿದ ಮೋಡ ಪಡುವಣಕ್ಕೆ ನಡೆದು, ತಮಿಳುನಾಡು ದಾಟಿ ಅರಬ್ಬಿ ಸಮುದ್ರದವರೆಗೂ ಬಂತು. ದಕ್ಷಿಣ ಕರ್ನಾಟಕ, ಕರಾವಳಿ ಎಲ್ಲ ನೆನೆದವು. ಟಿವಿಯಲ್ಲಿ "ದುರ್ಬಲಗೊಂಡಿದೆ" ಅಂದ ದಿನವೇ ನಾವು ಜಾಸ್ತಿ ಎಚ್ಚರ ಇರಬೇಕು.

ಒಂದೊಂದು ಆ್ಯಪ್ ಒಂದೊಂದು ದಾರಿ ತೋರಿಸುತ್ತದೆ ಅಂದಿರಿ. ಈಗ ಹಾಗೇ ಇರುತ್ತದೆ. ಸುಳಿಯ ನಡುಬಿಂದು ಇನ್ನೂ ಸರಿಯಾಗಿ ಕೂಡಿಕೊಂಡಿಲ್ಲ. ಅದು ಎಲ್ಲಿದೆ ಅಂತ ಗಟ್ಟಿಯಾಗಿ ಗೊತ್ತಾಗದೆ ಕಂಪ್ಯೂಟರ್ ಲೆಕ್ಕ ಶುರು ಮಾಡಿದರೆ, ಶುರುವಿನ ಸಣ್ಣ ತಪ್ಪು ನಾಲ್ಕನೇ ದಿನಕ್ಕೆ ನೂರಾರು ಕಿ.ಮೀ. ಆಗಿಬಿಡುತ್ತದೆ. ಇಲಾಖೆಯ ನಕ್ಷೆಯಲ್ಲಿ ದಾರಿಯ ಸುತ್ತ ಮುಂದೆ ಹೋದಂತೆ ಅಗಲವಾಗುವ ಪಟ್ಟೆ ಇರುತ್ತದಲ್ಲ, ಅದು ಇದೇ ಕಾರಣಕ್ಕೆ. ನಡುವಿನ ಗೆರೆ ಒಂದನ್ನೇ ನೋಡಬೇಡಿ. ಪಟ್ಟೆಯ ಹೊರಗಿದ್ದರೂ ಮಳೆ ಬರಬಹುದು, ಯಾಕೆಂದರೆ ಅದು ನಡುಬಿಂದುವಿನ ದಾರಿ, ಮೋಡದ ಹರವಲ್ಲ.

ನಾನು ಮಾಡೋದು ಇಷ್ಟೇ. ಬೆಳಿಗ್ಗೆ, ಸಂಜೆ ಇಲಾಖೆಯ ವರದಿ ನೋಡಿ ದಾರಿಯನ್ನು ಒಂದು ಹಾಳೆ ಮೇಲೆ ಗುರುತು ಹಾಕುತ್ತೇನೆ. ಮೂರ್ನಾಲ್ಕು ವರದಿ ಒಂದೇ ಕಡೆ ತೋರಿಸಿದರೆ ನಂಬುತ್ತೇನೆ. ಪ್ರತಿ ಸಲವೂ ದಾರಿ ನಮ್ಮ ಕಡೆಗೇ ಜರುಗುತ್ತಿದ್ದರೆ ಕಾಯದೇ ಆಳುಗಳಿಗೆ ಹೇಳಿಬಿಡುತ್ತೇನೆ. ಮೋಡ ಕವಿದ ಮೇಲೆ ಕರೆದರೆ ಯಾರೂ ಸಿಗೋದಿಲ್ಲ, ಎಲ್ಲರ ಕಣದಲ್ಲೂ ಅದೇ ಗಡಿಬಿಡಿ.

ಇನ್ನೊಂದು ಮಾತು. ಅರೆ ಒಣಗಿದ ಕಾಯಿಯನ್ನು ದೊಡ್ಡ ಗುಡ್ಡೆ ಮಾಡಿ ಬಿಗಿಯಾಗಿ ಮುಚ್ಚಬೇಡಿ, ಒಳಗೇ ಬೆವತು ಬೂಸು ಹಿಡಿಯುತ್ತದೆ. ತೆಳ್ಳಗೆ ಹರವಿ ಮುಚ್ಚಿ. ಮಳೆ ಬಿಟ್ಟ ಕೂಡಲೇ ತಾಡಪಾಲು ತೆಗೆದು ಗಾಳಿಯಾಡಲು ಬಿಡಿ.