ಜಾಸ್ತಿ ವಾಟ್ ಇದ್ದರೆ ಮಿಕ್ಸಿ ಗಟ್ಟಿನಾ?

ಪ್ರಶ್ನೆ: ಮನೆಯಲ್ಲಿ ಆರು ಜನ ಇದ್ದೇವೆ. 500 ವಾಟ್ ಮಿಕ್ಸಿಯಲ್ಲಿ ದೋಸೆ ಹಿಟ್ಟು ರುಬ್ಬುವಾಗ ಸುಟ್ಟ ವಾಸನೆ ಬರುತ್ತದೆ, ಮಧ್ಯದಲ್ಲೇ ನಿಂತುಬಿಡುತ್ತದೆ. ಅಂಗಡಿಯವರು 1000 ವಾಟ್‌ನದು ತಗೊಳ್ಳಿ ಅಂತಾರೆ. ಬೆಲೆ ದುಪ್ಪಟ್ಟು. ತರಬಹುದಾ ಸರ್?
– ಓದುಗರು, ದಾವಣಗೆರೆ

ಈಗಲೇ ತರಬೇಡಿ ಮೇಡಂ. ಮೊದಲು ಜಾರ್ ಅನ್ನು ಬೋರಲು ಹಿಡಿದು, ತಳದಲ್ಲಿರುವ ಕಪ್ಪು ಕಪ್ಲರ್ (ಜಾರನ್ನು ಮೋಟಾರಿಗೆ ಜೋಡಿಸುವ ಭಾಗ) ಅನ್ನು ಬೆರಳಿನಿಂದ ತಿರುಗಿಸಿ ನೋಡಿ. ಸಲೀಸಾಗಿ ತಿರುಗಬೇಕು. ಬಿಗಿಯಾಗಿದ್ದರೆ, ಅಥವಾ ಜಾರ್ ತಳದಲ್ಲಿ ಕಪ್ಪು ನೀರು ಜಿನುಗಿದ ಕಲೆ ಇದ್ದರೆ, ಒಳಗಿನ ಬುಷ್ (ಬ್ಲೇಡಿನ ಕಡ್ಡಿ ತಿರುಗುವ ಬಳೆ) ಹೋಗಿದೆ ಎಂದರ್ಥ. ಆಗ ಮೋಟಾರ್ ಹಿಟ್ಟಿನ ಜೊತೆ ಆ ಬಿಗಿತವನ್ನೂ ಎಳೆಯಬೇಕು. ಹೊಸ ಮಿಕ್ಸಿಗೆ ಕೊಡುವ ದುಡ್ಡಿನ ಸಣ್ಣ ಪಾಲಿನಲ್ಲಿ ಬುಷ್ ಬದಲಿಸಿಕೊಡುತ್ತಾರೆ.

ವಾಸನೆಯಲ್ಲೂ ವ್ಯತ್ಯಾಸವಿದೆ. ರಬ್ಬರ್ ಸುಟ್ಟ ಹಾಗಿದ್ದರೆ ಕಪ್ಲರ್ ಸವೆದು ಜಾರುತ್ತಿದೆ. ಅದು ಸವೆಯಬೇಕಾದ ಭಾಗವೇ, ಚಿಕ್ಕ ಖರ್ಚು. ಪೇಂಟ್ ಸುಟ್ಟಂಥ ಘಾಟು ಬಂದರೆ ಮೋಟಾರಿನ ಸುರುಳಿ ಕಾದಿದೆ. ತಕ್ಷಣ ನಿಲ್ಲಿಸಿ. ತಾನಾಗಿ ನಿಂತಿದ್ದರೆ ತಳದಲ್ಲಿರುವ ಕೆಂಪು ಬಟನ್ ಹೊರಗೆ ಬಂದಿರುತ್ತದೆ. ಅದು ಮೋಟಾರನ್ನು ಕಾಯುವ ಓವರ್‌ಲೋಡ್ ಸ್ವಿಚ್. ಪ್ಲಗ್ ತೆಗೆದು, ಪೂರ್ತಿ ಆರಿದ ಮೇಲೆ ಒತ್ತಿ. ಆರುವ ಮೊದಲೇ ಮತ್ತೆ ಮತ್ತೆ ಒತ್ತಿ ಓಡಿಸುವ ಅಭ್ಯಾಸದಿಂದಲೇ ಎಷ್ಟೋ ಮಿಕ್ಸಿಗಳು ಸುಟ್ಟುಹೋಗುತ್ತವೆ.

ಈಗ ವಾಟ್ ವಿಷಯ. ಮಿಕ್ಸಿ ಎಷ್ಟು ಕರೆಂಟ್ ಎಳೆಯುತ್ತದೆ ಅನ್ನುವುದನ್ನಷ್ಟೇ ವಾಟ್ ಹೇಳುತ್ತದೆ. ಎಷ್ಟು ಚೆನ್ನಾಗಿ ರುಬ್ಬುತ್ತದೆ ಅನ್ನುವುದು ಬ್ಲೇಡಿನ ಅಂಚು, ಜಾರಿನ ಆಕಾರ, ನೀವು ತುಂಬುವ ಪ್ರಮಾಣದ ಮೇಲೆ ನಿಂತಿದೆ. ಬಾಕ್ಸ್ ಮೇಲೆ ದಪ್ಪಕ್ಷರದಲ್ಲಿ ಬರೆದ ಅಂಕಿ ಬಿಟ್ಟು, ಮಿಕ್ಸಿಯ ತಳದಲ್ಲಿ ಅಂಟಿಸಿದ ಚೀಟಿ ಓದಿ. ಹೆಚ್ಚಿನವುಗಳಲ್ಲಿ 5 ನಿಮಿಷ ಓಡಿಸಿ, 2 ನಿಮಿಷ ನಿಲ್ಲಿಸಿ, ಒಟ್ಟು 30 ನಿಮಿಷ ಎಂಬ ಅರ್ಥದ ಸೂಚನೆ ಇರುತ್ತದೆ. ಆರು ಜನರ ದೋಸೆ ಹಿಟ್ಟಿಗೆ ಎಷ್ಟು ಸಲ ನಿಲ್ಲಿಸಬೇಕಾಗುತ್ತದೆ, ನೀವೇ ಲೆಕ್ಕ ಹಾಕಿ.

ನಿಮ್ಮ ಮನೆಗೆ ಬೇಕಾಗಿರುವುದು ಗ್ರೈಂಡರ್ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಎರಡು ಲೀಟರಿನ ಟೇಬಲ್ ಟಾಪ್ ಗ್ರೈಂಡರಿನ ಮೋಟಾರ್ ಸುಮಾರು 150 ವಾಟ್ ಅಷ್ಟೇ. ಆದರೂ ಅದು ಅರ್ಧ ಗಂಟೆ ಸುಸ್ತಿಲ್ಲದೆ ತಿರುಗುತ್ತದೆ. ಮಿಕ್ಸಿ ಬ್ಲೇಡ್ ನಿಮಿಷಕ್ಕೆ ಸಾವಿರಾರು ಸುತ್ತು ಹೊಡೆಯುವುದರಿಂದ ಹಿಟ್ಟು ಬಿಸಿಯಾಗುತ್ತದೆ. ಕಲ್ಲು ನಿಧಾನವಾಗಿ ಅರೆಯುತ್ತದೆ, ಹಿಟ್ಟು ತಣ್ಣಗೇ ಇರುತ್ತದೆ, ಉದ್ದು ಉಬ್ಬಿ ಹಗುರಾಗುತ್ತದೆ. ಇಡ್ಲಿ ಮಾಡುವವರಿಗೆ ಈ ವ್ಯತ್ಯಾಸ ಮೊದಲ ದಿನವೇ ಗೊತ್ತಾಗುತ್ತದೆ. ಅರ್ಧ ಗಂಟೆಗೆ ಖರ್ಚಾಗುವುದು ಯೂನಿಟ್‌ನ ಹತ್ತನೇ ಒಂದು ಭಾಗವೂ ಅಲ್ಲ.

ಕಷ್ಟವನ್ನೂ ಹೇಳಿಬಿಡುತ್ತೇನೆ. ಗ್ರೈಂಡರ್ ಭಾರ, ತೊಳೆಯುವುದು ಬೇಸರದ ಕೆಲಸ. ಕಟ್ಟೆ ಮೇಲೆ ಅದಕ್ಕೊಂದು ಕಾಯಂ ಜಾಗ ಇಲ್ಲದಿದ್ದರೆ ತರಲೇಬೇಡಿ. ಅಟ್ಟ ಸೇರಿದ ಗ್ರೈಂಡರ್ ಕೆಳಗಿಳಿಯುವುದು ಹಬ್ಬಕ್ಕೆ ಮಾತ್ರ. ಚಟ್ನಿ, ಸಾರಿನ ಮಸಾಲೆಗೆ ನಿಮ್ಮ 500 ವಾಟ್ ಸಾಕು, ಜಾರ್ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ. ಅರಿಶಿನ ಕೊಂಬು, ವರ್ಷದ ಖಾರದ ಪುಡಿ ಯಾವ ಮಿಕ್ಸಿಗೂ ಬೇಡ, ಗಿರಣಿಗೆ ಕೊಡಿ.

ಪ್ರಶ್ನೆ: ಬಿಎಲ್‌ಡಿಸಿ ಫ್ಯಾನ್ ಹಾಕಿಸಿದರೆ ಕರೆಂಟ್ ಬಿಲ್ ಅರ್ಧ ಆಗುತ್ತದೆ ಅಂತಾರೆ, ನಿಜವಾ? ನಮ್ಮಲ್ಲಿ ವೋಲ್ಟೇಜ್ ಏರುಪೇರು ಜಾಸ್ತಿ.
– ಓದುಗರು, ಸಿಂಧನೂರು

ಬಿಎಲ್‌ಡಿಸಿ ಅಂದರೆ ಎಲೆಕ್ಟ್ರಾನಿಕ್ ಬೋರ್ಡಿನಿಂದ ಓಡುವ, ಕಡಿಮೆ ಕರೆಂಟಿನ ಮೋಟಾರ್. ಫ್ಯಾನ್ ತಿನ್ನುವ ಕರೆಂಟ್ ಅರ್ಧಕ್ಕಿಂತ ಕಡಿಮೆ ಆಗುತ್ತದೆ, ಅದು ನಿಜ. ಬಿಲ್ ಅರ್ಧ ಆಗುತ್ತದೆ ಅನ್ನುವುದು ಉತ್ಪ್ರೇಕ್ಷೆ. ಹಳೇ ಫ್ಯಾನ್ 75 ವಾಟ್ ಎಳೆದರೆ ಇದು 30ರ ಹತ್ತಿರ. ದಿನಕ್ಕೆ 12 ಗಂಟೆ ತಿರುಗಿದರೆ ಒಂದು ಫ್ಯಾನಿಂದ ತಿಂಗಳಿಗೆ ಸುಮಾರು 16 ಯೂನಿಟ್ ಉಳಿಯುತ್ತದೆ. ಯೂನಿಟ್‌ಗೆ 6 ರೂಪಾಯಿ ಹಿಡಿದರೆ ನೂರು ರೂಪಾಯಿ ಆಸುಪಾಸು. ಹಾಲ್ ಮತ್ತು ಮಲಗುವ ಕೋಣೆಗೆ ಇದು ಲಾಭ. ಅತಿಥಿಗಳ ಕೋಣೆಯಲ್ಲಿ ಅಪರೂಪಕ್ಕೆ ತಿರುಗುವ ಫ್ಯಾನ್ ಬದಲಿಸಿದರೆ ಸುಮ್ನೆ ದುಡ್ಡು ದಂಡ.

ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವ ಮನೆಯಾದರೆ ಲೆಕ್ಕವೇ ಬೇರೆ. ಬಳಕೆ ನಿಮಗೆ ನಿಗದಿಯಾದ ಮಿತಿಯೊಳಗೆ ಆರಾಮವಾಗಿದ್ದರೆ ಕೈಗೆ ಉಳಿತಾಯ ಏನೂ ಸಿಗುವುದಿಲ್ಲ. ಆದರೆ ಬೇಸಿಗೆಯಲ್ಲಿ 200 ಯೂನಿಟ್ ದಾಟುವ ಅಂಚಿನಲ್ಲಿದ್ದರೆ, ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಲ್ವಾ? ಅಂಥವರಿಗೆ ಎರಡು ಫ್ಯಾನ್ ಬದಲಿಸಿ ಉಳಿಸುವ 32 ಯೂನಿಟ್ ದೊಡ್ಡ ಮಾತು. ಯುಪಿಎಸ್ ಇರುವ ಮನೆಗೂ ನಾನು ಇದನ್ನೇ ಹೇಳುತ್ತೇನೆ. ಅದೇ ಬ್ಯಾಟರಿಯಲ್ಲಿ ಫ್ಯಾನ್ ಎಷ್ಟೋ ಹೊತ್ತು ಜಾಸ್ತಿ ತಿರುಗುತ್ತದೆ.

ವೋಲ್ಟೇಜ್ ಇಳಿದರೆ ಹಳೇ ಫ್ಯಾನ್ ನಿಧಾನವಾಗುತ್ತದೆ, ಇದು ಹೆಚ್ಚು ಕಡಿಮೆ ಅದೇ ವೇಗದಲ್ಲಿ ತಿರುಗುತ್ತದೆ. ಭಯ ಇರುವುದು ವೋಲ್ಟೇಜ್ ಏಕಾಏಕಿ ಏರಿದಾಗ, ಸಿಡಿಲು ಹೊಡೆದಾಗ. ಒಳಗಿನ ಎಲೆಕ್ಟ್ರಾನಿಕ್ ಬೋರ್ಡ್ ಹೋಗಬಹುದು. ಹಳೇ ಫ್ಯಾನಿನ ಕೆಪಾಸಿಟರ್ ಬದಲಿಸಿದಷ್ಟು ಸುಲಭದ ರಿಪೇರಿ ಅಲ್ಲ ಅದು. ಹಾಗಾಗಿ ಕೊಳ್ಳುವ ಮೊದಲು ಎರಡು ವಿಷಯ ಕೇಳಿ: ವಾರಂಟಿ ಬೋರ್ಡಿಗೂ ಇದೆಯಾ, ನಿಮ್ಮ ಊರಲ್ಲೇ ಸರ್ವಿಸ್ ಸಿಗುತ್ತದಾ? ಎರಡಕ್ಕೂ ಹೌದು ಅನ್ನದಿದ್ದರೆ ಬಿಟ್ಟುಬಿಡಿ. ಹಾಕಿಸುವಾಗ ಗೋಡೆಯ ಹಳೇ ರೆಗ್ಯುಲೇಟರ್ ತೆಗೆಸಿ. ಸೀಲಿಂಗ್ ಫ್ಯಾನಿಗೆ ಸ್ಟಾರ್ ಲೇಬಲ್ 2023ರಿಂದ ಕಡ್ಡಾಯ. ಬರೀ ಸ್ಟಾರ್ ಎಣಿಸಬೇಡಿ, ಎಷ್ಟು ಗಾಳಿ ತಳ್ಳುತ್ತದೆ ಎಂಬ ಅಂಕಿಯನ್ನೂ ನೋಡಿ. ನಿಮ್ಮ ಕಡೆಯ ಬಿಸಿಲಿಗೆ ಗಾಳಿಯೇ ಮುಖ್ಯ.

ಪ್ರಶ್ನೆ: 20,000 ಎಂಎಎಚ್ ಪವರ್ ಬ್ಯಾಂಕ್ ತಗೊಂಡೆ. 5,000ದ ಫೋನ್ ನಾಲ್ಕು ಸಲ ತುಂಬಬೇಕು, ಮೂರೇ ಸಲ ತುಂಬುತ್ತಿದೆ. ಮೋಸ ಹೋದೆನಾ?
– ಓದುಗರು, ಮೈಸೂರು

ಇಲ್ಲ. ಎಂಎಎಚ್ ಅಂದರೆ ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ. ಆ 20,000 ಒಳಗಿನ ಸೆಲ್‌ನ ಲೆಕ್ಕ, 3.7 ವೋಲ್ಟ್‌ನಲ್ಲಿ. ಫೋನಿಗೆ ಕೊಡುವಾಗ ಅದನ್ನು 5 ವೋಲ್ಟ್ ಅಥವಾ ಇನ್ನೂ ಮೇಲಕ್ಕೆ ಏರಿಸಬೇಕು, ಅದರಲ್ಲೊಂದಿಷ್ಟು ಬಿಸಿಯಾಗಿ ಕಳೆದುಹೋಗುತ್ತದೆ. ಮೂರು ಸಲ ಬಂದಿದ್ದರೆ ನಿಮ್ಮದು ಒಳ್ಳೆಯ ಮಾಲೇ. ಮುಂದೆ ಕೊಳ್ಳುವಾಗ ಸಣ್ಣಕ್ಷರದಲ್ಲಿರುವ ‘ರೇಟೆಡ್ ಕೆಪಾಸಿಟಿ’ (ಹೊರಗೆ ನಿಜಕ್ಕೂ ಸಿಗುವ ಪ್ರಮಾಣ) ಹೋಲಿಸಿ. ವಿಮಾನದಲ್ಲಿ ಕೈಚೀಲದಲ್ಲೇ ಇಟ್ಟುಕೊಳ್ಳಿ, ಲಗೇಜಿಗೆ ಹಾಕುವಂತಿಲ್ಲ. ಹೊಟ್ಟೆ ಉಬ್ಬಿದ ಹಾಗೆ ಕಂಡರೆ ಮತ್ತೆ ಚಾರ್ಜ್‌ಗೆ ಹಾಕಬೇಡಿ, ಚುಚ್ಚಬೇಡಿ. ಕಸದ ಬುಟ್ಟಿಗೂ ಬೇಡ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.